ಲೋಟದ ಸದ್ದಿಗೆ ಕಾದಿದ್ದ ಕತ್ತು: ಒಂದು ಪ್ರಕರಣ ಅಧ್ಯಯನ

ಯಾರೇ ಹೊಸಬರು ಬಂದು ಚಾಪೆಯ ಮೇಲೆ ಮಲಗಲಿ, ನಾನು ಮೊದಲು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಮಣಿಕಟ್ಟು ಹಿಡಿದು ಕೈಯನ್ನು ಒಂದು ಗೇಣು ಮೇಲೆತ್ತುತ್ತೇನೆ. "ಭಾರ ನನಗೆ ಬಿಡಿ" ಎನ್ನುತ್ತೇನೆ. ಆಮೇಲೆ ಮೆಲ್ಲಗೆ ಹಿಡಿತ ಬಿಡುತ್ತೇನೆ. ಮೈ ಸಡಿಲವಾಗಿದ್ದರೆ ಕೈ ಧೊಪ್ಪನೆ ದಿಂಬಿನ ಮೇಲೆ ಬೀಳುತ್ತದೆ. ಹೊಸದಾಗಿ ಬಂದಿದ್ದ ಈ ಹೈಸ್ಕೂಲ್ ಟೀಚರ್ ಕೈ ಬೀಳಲಿಲ್ಲ. ಗಾಳಿಯಲ್ಲೇ ನಿಂತಿತು.

"ಬಿಟ್ಟಿದ್ದೀರಾ?" ಎಂದು ಕೇಳಿದೆ.

"ಹ್ಞೂ ಮೇಡಂ, ಪೂರ್ತಿ ಬಿಟ್ಟಿದ್ದೀನಿ."

ಸುಳ್ಳು ಹೇಳುತ್ತಿರಲಿಲ್ಲ ಅವರು. ನಿಜಕ್ಕೂ ಬಿಟ್ಟಿದ್ದೇನೆ ಎಂದೇ ನಂಬಿದ್ದರು. ಕೈ ಮಾತ್ರ ಮೇಲೇ ಇತ್ತು.

ನಾನು ಮೈಸೂರಿನಲ್ಲಿ ಮನೆಯ ಮಹಡಿ ಮೇಲೆ ಯೋಗ ಹೇಳಿಕೊಡುತ್ತೇನೆ. ಡಾಕ್ಟರಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಶಾಲೆ ಯಾವುದೂ ಇಲ್ಲಿಲ್ಲ. ಟೀಚರ್ ಎಂದೇ ಕರೆಯುತ್ತೇನೆ. ಕ್ಲಾಸಿನಲ್ಲೂ ಹಾಗೇ ಕರೆಯುವುದು.

ವಯಸ್ಸು 49. ಹೈಸ್ಕೂಲಿನಲ್ಲಿ ಗಣಿತ. ಯಜಮಾನರಿಗೆ ಬೇರೆ ಊರಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಾರೆ. ಮಗ ಬೆಂಗಳೂರಲ್ಲಿ ಓದುತ್ತಿದ್ದಾನೆ. ಮನೆಯಲ್ಲಿರುವುದು ಟೀಚರ್ ಮತ್ತು 81ರ ಅತ್ತೆ. ಅತ್ತೆಗೆ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ವಾಕರ್ ಹಿಡಿದು ನಡೆಯುತ್ತಾರೆ, ಆದರೆ ಮಂಚದಿಂದ ಏಳಲು ಒಬ್ಬರು ಬೇಕು.

ತೊಂದರೆ ಏನು ಅಂದರೆ ಕತ್ತು ಮತ್ತು ಹೆಗಲು. "ಹೆಗಲ ಮೇಲೆ ಅಕ್ಕಿ ಮೂಟೆ ಇಟ್ಟು ಇಳಿಸೋದು ಮರೆತ ಹಾಗೆ" ಎಂದಿದ್ದರು ಮೊದಲ ದಿನ. ಮಧ್ಯಾಹ್ನದ ಹೊತ್ತಿಗೆ ಹಿಂದಲೆಯಿಂದ ಹಣೆಗೆ ನೋವು ಹತ್ತುತ್ತದೆ. ರಾತ್ರಿ ನಾಲ್ಕೈದು ಸಲ ಎಚ್ಚರ. ಬೆಳಿಗ್ಗೆ ಎದ್ದರೆ ದವಡೆ ಬಿಗಿ. ವಾರಕ್ಕೆ ನಾಲ್ಕು ನೋವಿನ ಮಾತ್ರೆ.

ನಾನು ತಕ್ಷಣ ಚಾಪೆ ಹಾಸಲಿಲ್ಲ. ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಇದರಲ್ಲಿ ನನ್ನದು ಹಟವೇ ಅನ್ನಿ. ಕೈ ಮರಗಟ್ಟುವುದು, ಹಿಡಿತ ಸಡಿಲವಾಗಿ ಲೋಟ ಜಾರುವುದು, ನಡೆದಾಗ ಎದೆ ಬಿಗಿಯುವುದು, ದವಡೆಗೋ ಎಡಗೈಗೋ ನೋವು ಹರಡುವುದು, ಇವು ಇದ್ದರೆ ಅದು ಯೋಗ ಟೀಚರ್ ನೋಡಬೇಕಾದ ನೋವಲ್ಲ. ಹೆಂಗಸರು ಅದನ್ನೂ "ಸುಸ್ತು" ಎಂದು ತಳ್ಳಿಹಾಕುವುದು ಜಾಸ್ತಿ. ಟೀಚರ್‌ಗೆ ಅಂಥದ್ದೇನೂ ಇರಲಿಲ್ಲ. ಎಕ್ಸ್‌ರೇಯಲ್ಲಿ ವಯಸ್ಸಿಗೆ ತಕ್ಕ ಸವೆತ. ಥೈರಾಯ್ಡ್ ಸರಿ. ಬಿಪಿ 138/88, ಮಾತ್ರೆ ಈಗಲೇ ಬೇಡ, ಮೂರು ತಿಂಗಳು ಬಿಟ್ಟು ನೋಡೋಣ ಎಂದಿದ್ದರಂತೆ ಡಾಕ್ಟರು.

ಕತ್ತಿನ ವ್ಯಾಯಾಮ ಅವರು ಆಗಲೇ ಮಾಡಿ ನೋಡಿದ್ದರು. ಬಲವಾಗಿ ಎಳೆದು ತಿರುಗಿಸುವ ವ್ಯಾಯಾಮ ಮಾಡಿದ ದಿನ ರಾತ್ರಿ ನೋವು ಜಾಸ್ತಿಯೇ ಆಗುತ್ತಿತ್ತು. ಅದಕ್ಕೇ ಇನ್ನೂ ಎಳೆಯುವುದು ಬೇಡ, ಮೈಭಾರವನ್ನು ದಿಂಬು ಕಂಬಳಿಗೆ ಹೊರಿಸಿ ಬಿಡೋಣ ಎಂದುಕೊಂಡೆ.

ದಿಂಬು, ಕಂಬಳಿ, ರಾಗಿ ಚೀಲ

ಈ ಬಗೆಯ ಯೋಗಕ್ಕೆ ಹೊರಗಡೆ ರೆಸ್ಟೊರೇಟಿವ್ ಯೋಗ ಅಂತ ಹೆಸರು. ಅಮೆರಿಕದಲ್ಲಿ ಇದನ್ನು ಬೆಳೆಸಿದವರಲ್ಲಿ ಮುಖ್ಯರು ಜುಡಿತ್ ಹ್ಯಾನ್ಸನ್ ಲಾಸಟರ್. ಅವರು ಫಿಸಿಯೋಥೆರಪಿಸ್ಟ್, ಬಿ.ಕೆ.ಎಸ್. ಅಯ್ಯಂಗಾರರ ಹತ್ತಿರ ಕಲಿತವರು. ಅಂದರೆ ಬೇರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನದೇ. 1918ರಲ್ಲಿ ಅಲ್ಲಿ ಹುಟ್ಟಿದ ಅಯ್ಯಂಗಾರರು ಚಿಕ್ಕಂದಿನಲ್ಲಿ ಕಾಯಿಲೆಯ ಹುಡುಗ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಆಗಿತ್ತು. ಮೈಸೂರಿಗೆ ಬಂದು ಭಾವ ಟಿ. ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು, 1937ರಲ್ಲಿ ಪುಣೆಗೆ ಹೋದರು. ಮೈ ಬಗ್ಗದವರಿಗೂ ಆಸನ ಸಿಗಲಿ ಅಂತ ಇಟ್ಟಿಗೆ, ಹಗ್ಗ, ಕುರ್ಚಿ, ಹೊದಿಕೆ ಎಲ್ಲವನ್ನೂ ಬಳಸಿದ್ದು ಅವರು. ಈಗ ಅದೇ ಸಾಮಾನು ಅಂದದ ಚೀಲದಲ್ಲಿ ಸಾವಿರಾರು ರೂಪಾಯಿಗೆ ಬರುತ್ತದೆ. ನನ್ನ ಕ್ಲಾಸಿನಲ್ಲಿ ಒಂದು ಗಟ್ಟಿ ಹತ್ತಿ ದಿಂಬು, ಎರಡು ಕಂಬಳಿ, ಒಂದು ಜಮಖಾನ, ಪ್ಲಾಸ್ಟಿಕ್ ಕುರ್ಚಿ, ಹಳೆ ದಿಂಬಿನ ಚೀಲಕ್ಕೆ ಎರಡು ಕೆಜಿ ರಾಗಿ ತುಂಬಿ ಹೊಲಿದ ಗಂಟು, ಇಷ್ಟೇ.

ಇದರಲ್ಲಿ ಎಳೆತ ಇರಬಾರದು. ಎಲ್ಲೋ ಒಂದು ಕಡೆ ಎಳೆದಂತೆ ಆದರೆ ಆಸನ ತಪ್ಪಾಗಿದೆ ಅಂತಲೇ ಅರ್ಥ, ಅಲ್ಲಿ ಇನ್ನೊಂದು ಮಡಿಕೆ ಕಂಬಳಿ ಬೇಕು. ಮುಕ್ಕಾಲು ಗಂಟೆಗೆ ಮೂರೇ ಆಸನ. ಒಂದೊಂದರಲ್ಲಿ 10ರಿಂದ 20 ನಿಮಿಷ. ದೇಹದ ಭಾರವನ್ನು ದಿಂಬು, ನೆಲ, ಕುರ್ಚಿ ಹೊತ್ತರೆ ಸ್ನಾಯುಗಳಿಗೆ ಹಿಡಿದುಕೊಳ್ಳುವ ಕೆಲಸ ಇರುವುದಿಲ್ಲ. ಉಸಿರು ಹೊರಗೆ ಹೋಗುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಹಾಗಾಗಿ ಹೊರಬಿಡುವ ಉಸಿರು ಉದ್ದವಾದಷ್ಟೂ ಮೈ ತಣಿಯುತ್ತದೆ. ಮೈ ಸ್ವಲ್ಪ ತಂಪಾಗುವುದರಿಂದ ಹೊದಿಕೆ ಬೇಕೇ ಬೇಕು, ಮೈಸೂರಿನ ಬೇಸಿಗೆಯಲ್ಲೂ. ಕೇಳಲು ಸುಲಭ ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು.

ಮೊದಲ ವಾರ, ನನ್ನ ತಪ್ಪು

ನವೆಂಬರ್ ಮೊದಲ ವಾರ ಶುರು ಮಾಡಿದೆವು. ಮೂರು ಆಸನ ಕೊಟ್ಟೆ. ದಿಂಬಿಗೆ ಬೆನ್ನು ಕೊಟ್ಟು ಮಲಗಿ, ಪಾದ ಎರಡೂ ಜೋಡಿಸಿ, ಮಂಡಿ ಅಗಲಿಸಿ ಅದರಡಿ ಕಂಬಳಿ ಇಡುವ ಸುಪ್ತ ಬದ್ಧಕೋನಾಸನ. ಗೋಡೆಗೆ ಕಾಲು ಚಾಚುವ ವಿಪರೀತಕರಣಿ. ಕೊನೆಗೆ ಶವಾಸನ. ಕಣ್ಣು ಮುಚ್ಚಿ, ಉಸಿರು ಎಣಿಸಿ ಎಂದೆ. ಮನೆಯಲ್ಲೂ ದಿನಾ ಮಾಡಿ ಎಂದೆ.

ಒಂದು ವಾರ ಬಿಟ್ಟು ಟೀಚರ್ ನೋಟ್‌ಬುಕ್ ತಂದರು. ಕಾಲಂ ಎಳೆದು, ದಿನಾಂಕ ಹಾಕಿ, ಆಸನ, ನಿಮಿಷ, ನೋವು ಹತ್ತಕ್ಕೆ ಎಷ್ಟು ಎಂದು ಬರೆದಿದ್ದರು. ಮೊದಲ ದಿನ ಏಳು. ಏಳನೇ ದಿನ ಎಂಟು.

"ನಾನು ಸರಿಯಾಗೇ ಮಾಡಿದ್ದೀನಿ ಮೇಡಂ. ಆದ್ರೂ ಯಾಕೋ ಜಾಸ್ತಿ ಆಯ್ತು."

ತಪ್ಪು ಅವರದಲ್ಲ. ತೊಡೆಯ ಹಿಂಭಾಗ ಬಿಗಿ ಇದ್ದವರನ್ನು ಗೋಡೆಗೆ ಅಂಟಿ ಕಾಲು ಎತ್ತಿಸಿದ್ದೆ. ಮಂಡಿ ಎಳೆದು, ಹತ್ತು ನಿಮಿಷಕ್ಕೆ ಪಾದ ಜುಮ್ಮೆನ್ನುತ್ತಿತ್ತು. ಹಲ್ಲು ಕಚ್ಚಿ ಹದಿನೈದು ಮುಗಿಸುತ್ತಿದ್ದರು. ಉಸಿರು ಎಣಿಸಲು ಹೇಳಿದ್ದು ಇನ್ನೂ ದೊಡ್ಡ ತಪ್ಪು. ಗಣಿತದ ಟೀಚರ್‌ಗೆ ಎಣಿಸಿ ಎಂದರೆ ಲೆಕ್ಕ ತಪ್ಪಬಾರದು ಎಂಬ ಇನ್ನೊಂದು ಚಿಂತೆ ಕೊಟ್ಟ ಹಾಗೆ. ಕಣ್ಣು ಮುಚ್ಚಿದ ಕೂಡಲೇ ನಾಳಿನ ಪಾಠ, ಗ್ಯಾಸ್ ಬುಕ್ ಮಾಡಬೇಕಾದ್ದು, ಮಗನ ಫೀಸು ಎಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವಂತೆ. ಕಣ್ಣು ಮುಚ್ಚಿದರೆ ಎಲ್ಲರಿಗೂ ನೆಮ್ಮದಿ ಬರುವುದಿಲ್ಲ. ಕೆಲವರಿಗೆ ಕಳವಳ ಹೆಚ್ಚುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಕೇಳಲಿಲ್ಲ, ಅಭ್ಯಾಸಬಲದಿಂದ ಹೇಳಿಬಿಟ್ಟಿದ್ದೆ.

ಹಾಗಾಗಿ ಎಲ್ಲ ಬದಲಾಯಿಸಿದೆವು. ಬೆಂಗಳೂರಿನ ಜಿಗಣಿ ಹತ್ತಿರ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಆವರ್ತನ ಧ್ಯಾನ ಅಂತ ಒಂದು ಕ್ರಮ ಕಲಿಸುತ್ತಾರೆ. ನಿಂತು, ಬಾಗಿ, ಕೂತು ನಿಧಾನವಾಗಿ ಸ್ವಲ್ಪ ಆಸನ, ನಡುನಡುವೆ ಮಲಗಿ ವಿಶ್ರಾಂತಿ, ಮತ್ತೆ ಆಸನ. ಓಡುತ್ತಿರುವ ಮನಸ್ಸನ್ನು ತಟ್ಟನೆ ಮಲಗು ಎಂದರೆ ಮಲಗುವುದಿಲ್ಲ, ಮೊದಲು ಮೈಯನ್ನು ಸ್ವಲ್ಪ ಆಡಿಸಬೇಕು. ನಾನು ಆ ಕ್ರಮವನ್ನು ಹಾಗೇ ಕೊಡಲಿಲ್ಲ, ಅದರ ಜಾಡು ಮಾತ್ರ ಹಿಡಿದೆ. ಮೊದಲ ಹತ್ತು ನಿಮಿಷ ನಿಂತು ಕೈ ಬೀಸುವುದು. ಉಸಿರೆಳೆದು ಹೆಗಲನ್ನು ಕಿವಿಯ ತನಕ ಎತ್ತಿ, ಬಿಗಿ ಹಿಡಿದು, ಥಟ್ಟನೆ ಬಿಡುವುದು. ಮುಷ್ಟಿ ಬಿಗಿದು ಬಿಡುವುದು. ಬಿಗಿ ಅಂದರೆ ಏನು ಅಂತ ಗೊತ್ತಾದರೆ ತಾನೇ ಸಡಿಲ ಅಂದರೇನು ಅಂತ ತಿಳಿಯುವುದು?

ಗೋಡೆಯ ಬದಲು ಕುರ್ಚಿ ಬಂತು. ಮಂಡಿ ಮಡಿಸಿ ಮೀನಖಂಡ ಪೂರ್ತಿ ಕುರ್ಚಿಯ ಮೇಲೆ. ಎಣಿಕೆ ಬಿಟ್ಟೆವು. ಬಾಯಿ ಸ್ವಲ್ಪ ತೆರೆದು "ಹಾ..." ಎಂದು ಉಸಿರು ಬಿಡಿ ಎಂದೆ. ಬಾಯಿ ತೆರೆದಿದ್ದರೆ ಹಲ್ಲು ಕಚ್ಚಲು ಆಗುವುದಿಲ್ಲ. ದವಡೆಗೆ ಅದೇ ಮದ್ದು. ಕಣ್ಣು ಬೇಕಾದರೆ ತೆರೆದಿರಲಿ, ಚಾವಣಿ ನೋಡುತ್ತಿರಲಿ.

ಹೆಚ್ಚು ಹೊತ್ತು ಹಿಡಿದದ್ದು ತಲೆಯಡಿಯ ಕಂಬಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಅವಸರ ಮಾಡುವುದು. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟೆ. ಗದ್ದ ಚಾವಣಿ ಕಡೆ ಎದ್ದಿತ್ತು, ಅಂದರೆ ತಗ್ಗಾಯಿತು. ಇನ್ನೊಂದು ಮಡಿಕೆ ಇಟ್ಟೆ. ಈಗ ಗದ್ದ ಗಂಟಲಿಗೆ ಒತ್ತಿತು. ಅದನ್ನು ತೆಗೆದು ತೆಳ್ಳನೆಯ ಟವೆಲ್ ಒಂದು ಮಡಿಕೆ ಸೇರಿಸಿದೆ. ಹಣೆ ಗದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ. ಆಮೇಲೆ ಕಂಬಳಿಯ ಅಂಚನ್ನು ಬೀಡಿ ಸುತ್ತಿದ ಹಾಗೆ ಸುತ್ತಿ ಕತ್ತಿನ ಕಮಾನಿಗೆ ತುಂಬಿದೆ. ಭುಜ ಕಂಬಳಿಯ ಮೇಲೆ ಬರದಂತೆ ನೆಲಕ್ಕೆ ಇಳಿಸಿದೆ. ಟೀಚರ್ ಗಂಟಲಲ್ಲಿ ಒಂದು ಗುಟುಕು ಇಳಿದದ್ದು ಕಾಣಿಸಿತು. ಉಸಿರು ಹೊಟ್ಟೆಗೆ ಹೋಯಿತು. ಒಂದು ಟವೆಲ್ ಮಡಿಕೆಯ ವ್ಯತ್ಯಾಸ ಅಷ್ಟೇ.

ತೊಡೆಯ ಬುಡಕ್ಕೆ ರಾಗಿ ಚೀಲ ಇಟ್ಟೆ. "ಮಗು ಮಲಗಿದ ಹಾಗಿದೆ" ಎಂದರು.

ಮೂರನೇ ವಾರಕ್ಕೆ ನೋವು ಹತ್ತಕ್ಕೆ ಆರು. ಕ್ಲಾಸಿನಲ್ಲಿ ಚೆನ್ನಾಗಿರುತ್ತಿತ್ತು. ಮನೆಯಲ್ಲಿ ಏನೂ ಆಗುತ್ತಿರಲಿಲ್ಲ. ಅದೇ ಕಂಬಳಿ, ಅದೇ ಮಡಿಕೆ. ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಿದ್ದರು, ಎಲ್ಲ ಸರಿಯಾಗಿಯೇ ಇತ್ತು. ಕೈ ಪರೀಕ್ಷೆ ಮಾಡಿದರೆ ಈಗಲೂ ಕೈ ಗಾಳಿಯಲ್ಲೇ. ನನಗೂ ತಲೆ ಕೆಟ್ಟಿತು. ಒಂದು ಭಾನುವಾರ ಅವರ ಮನೆಗೆ ಹೋದೆ.

ಬಳೆಯ ಸದ್ದು

ಹಾಲ್ ದಾಟಿದರೆ ಅತ್ತೆಯ ಕೋಣೆ, ಪಕ್ಕದ್ದೇ ಟೀಚರ್ ಕೋಣೆ. ಮಂಚದ ಬದಿ ಚಾಪೆ ಹಾಸಿ ತೋರಿಸಿದರು. ಬಾಗಿಲು ಹಾಕಿರಲಿಲ್ಲ, ನಾಲ್ಕು ಬೆರಳು ಸಂದು ಬಿಟ್ಟಿದ್ದರು. ಅತ್ತೆಯ ಮಂಚದ ಪಕ್ಕ ಸ್ಟೂಲ್ ಮೇಲೆ ಸ್ಟೀಲ್ ಲೋಟ, ಒಂದು ಚಮಚ. ಏನಾದರೂ ಬೇಕಿದ್ದರೆ ಲೋಟಕ್ಕೆ ಚಮಚ ಬಡಿಯುವುದು. ಕೂಗಿ ಕೂಗಿ ಗಂಟಲು ನೋಯುತ್ತದೆ ಅಂತ ಟೀಚರೇ ಮಾಡಿಕೊಟ್ಟ ಏರ್ಪಾಟು ಅದು.

ಮಲಗಿ ಎಂದೆ. ಮಲಗಿದರು. ಎಲ್ಲ ಹೊಂದಿಸಿ ನಾನು ಸುಮ್ನೆ ಕೂತೆ. ಐದಾರು ನಿಮಿಷ ಆಗಿರಬೇಕು. ಟೀಚರ್ ಕತ್ತಿನ ಎರಡು ನರ ಎದ್ದು ನಿಂತವು. ತಲೆ ಕಂಬಳಿಯಿಂದ ಒಂದಿಷ್ಟು ಮೇಲಾಯಿತು. ನನಗೆ ಏನೂ ಕೇಳಿಸಿರಲಿಲ್ಲ. ಒಂದು ಕ್ಷಣ ಬಿಟ್ಟು ಆ ಕಡೆಯಿಂದ ಠಣ್ ಠಣ್ ಅಂತ ಲೋಟದ ಸದ್ದು ಬಂತು.

"ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?"

"ಚಮಚ ತಗೊಳ್ಳೋವಾಗ ಅತ್ತೆ ಬಳೆ ಸ್ಟೂಲಿಗೆ ತಾಗತ್ತೆ ಮೇಡಂ."

ಬಿಗಿ ಎಲ್ಲಿತ್ತು ಎಂದು ನನಗೆ ಆಗ ತಿಳಿಯಿತು. ಕಿವಿಯಲ್ಲಿ. ಪಕ್ಕದ ಕೋಣೆಯ ಬಳೆ ಕೇಳಲು ಕಾಯುವ ಕಿವಿ ಇದ್ದರೆ ಅದನ್ನು ಹೊತ್ತ ಕತ್ತು ಎಷ್ಟು ಕಂಬಳಿ ಇಟ್ಟರೂ ಭಾರ ಬಿಡುವುದಿಲ್ಲ. ರಾತ್ರಿ ನಾಲ್ಕೈದು ಸಲ ಎಚ್ಚರ ಆಗುತ್ತಿದ್ದುದೂ ಇದಕ್ಕೇ. ಅತ್ತೆ ಕರೆಯುತ್ತಿದ್ದುದು ರಾತ್ರಿಗೆ ಒಂದೇ ಸಲ. ಉಳಿದ ಸಲವೆಲ್ಲ ಕರೆದರೇನೋ ಅಂತ ಏಳುತ್ತಿದ್ದದ್ದು.

ಬಾಗಿಲು ಹಾಕಿಕೊಳ್ಳಿ, ಇಪ್ಪತ್ತು ನಿಮಿಷ ನಿಮಗೆ ಅಂತ ಇಟ್ಟುಕೊಳ್ಳಿ ಎಂದು ಹೇಳಬಹುದಿತ್ತು. ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಆದರೆ ಬಚ್ಚಲಲ್ಲಿ ಬಿದ್ದ ದಿನ ಟೀಚರ್ ಮನೆಯಲ್ಲಿದ್ದರೂ ಮಿಕ್ಸಿ ಸದ್ದಿಗೆ ಅತ್ತೆಯ ಕೂಗು ಕೇಳಿಸಿರಲಿಲ್ಲ. ಇದನ್ನು ಅವರು ಕಾಫಿ ಕೊಡುವಾಗ, ನನ್ನ ಮುಖ ನೋಡದೆ ಹೇಳಿದರು. ಅವರಿಗೆ ಬಾಗಿಲು ಹಾಕಿಕೊಳ್ಳಿ ಎನ್ನುವುದು ಹೇಗೆ?

ಅದಕ್ಕೆ ಚಾಪೆಯನ್ನೇ ಅತ್ತೆಯ ಕೋಣೆಗೆ ಒಯ್ದೆವು. ಮಂಚದ ಪಕ್ಕ, ಅತ್ತೆಗೆ ಸೊಸೆ ಕಾಣುವ ಹಾಗೆ. ಅತ್ತೆಗೆ ಇದು ತಮಾಷೆ ಅನಿಸಿತು.

"ಇದೇನಮ್ಮಾ, ಮಲಕ್ಕೊಂಡು ಮಾಡೋ ಯೋಗ? ನಾವು ಇದನ್ನೇ ನಿದ್ದೆ ಅಂತಿದ್ವಿ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬದಲಿಗೆ ಒಂದು ಕೆಲಸ ಕೊಟ್ಟೆ. ಎದುರು ಗೋಡೆಯ ಗಡಿಯಾರ ತೋರಿಸಿ, "ದೊಡ್ಡ ಮುಳ್ಳು ಆರಕ್ಕೆ ಬಂದಾಗ ಇವರನ್ನು ಎಬ್ಬಿಸೋದು ನಿಮ್ಮ ಜವಾಬ್ದಾರಿ ಅಮ್ಮಾ. ಅಲ್ಲೀವರೆಗೂ ಯಾರೂ ಮಾತಾಡಿಸದ ಹಾಗೆ ನೋಡ್ಕೋಬೇಕು" ಎಂದೆ. ಮೊಬೈಲಿನ ಟೈಮರ್ ತೆಗೆಸಿದೆ. ಕಾಯುವ ಕೆಲಸ ಕೈ ಬದಲಾಯಿತು.

ಮರುದಿನ ಟೀಚರ್ ಫೋನ್ ಮಾಡಿ ನಕ್ಕರು. ನಡುವೆ ಕಾಲಿಂಗ್ ಬೆಲ್ ಆಗಿದೆ. ಹಾಲಿನ ದುಡ್ಡು ಕೇಳಲು ಬಂದ ಹುಡುಗ. "ಆಮೇಲೆ ಬಾರಪ್ಪಾ, ನಮ್ಮ ಸೊಸೆ ಯೋಗದಲ್ಲಿದ್ದಾಳೆ" ಎಂದು ಅತ್ತೆ ಮಂಚದಿಂದಲೇ ಕೂಗಿದ್ದಾರೆ. ಮುಂಚೆ ಕೂಗಲು ಗಂಟಲು ನೋಯುತ್ತಿತ್ತಲ್ಲ!

ಆರನೇ ವಾರ ಕ್ಲಾಸಿನಲ್ಲಿ ಮಣಿಕಟ್ಟು ಹಿಡಿದು ಎತ್ತಿದೆ. ಬಿಟ್ಟೆ. ಕೈ ಧೊಪ್ಪನೆ ಬಿತ್ತು. ಆ ಸದ್ದಿಗೆ ಅವರೇ ಕಣ್ಣು ಬಿಟ್ಟರು.

"ಇಷ್ಟು ಭಾರ ಇದೆಯಾ ಮೇಡಂ ನನ್ನ ಕೈ?"

ನೋಟ್‌ಬುಕ್ಕಿನ ಲೆಕ್ಕ

ಹತ್ತು ವಾರದ ಕೊನೆಗೆ ನೋವು ಹತ್ತಕ್ಕೆ ಮೂರು. ನೋವಿನ ಮಾತ್ರೆ ವಾರಕ್ಕೆ ಒಂದು, ಕೆಲವು ವಾರ ಅದೂ ಇಲ್ಲ. ರಾತ್ರಿ ಎಚ್ಚರ ಒಂದೆರಡು ಸಲ. ಬಿಪಿ 136/86, ಅಂದರೆ ಇಳಿಯಿತು ಅನ್ನುವ ಹಾಗಿಲ್ಲ. ನನಗೆ ಇಳಿದೀತು ಎಂಬ ಆಸೆ ಇತ್ತು. 1969ರಲ್ಲಿ ಮುಂಬೈಯ ಡಾ. ಕೆ.ಕೆ. ದಾತೆ ಮತ್ತು ಜೊತೆಗಾರರು ಬಿಪಿ ಇದ್ದ 47 ಜನರಿಗೆ ಶವಾಸನ ಮಾಡಿಸಿ, ಹಲವರಲ್ಲಿ ಇಳಿದದ್ದನ್ನು ಬರೆದಿದ್ದರು. ಅಲ್ಲಿ ದಿನಾ ಅರ್ಧ ಗಂಟೆ ಮಾಡಿಸಿದ್ದರು. ನಮ್ಮದು ಇಪ್ಪತ್ತು ನಿಮಿಷ, ಅದೂ ವಾರಕ್ಕೆ ಐದು ದಿನ. ಹೇಗೂ ಒಬ್ಬರ ಬಿಪಿಯಿಂದ ಏನೂ ಹೇಳಲಾಗದು. ಮೂರು ತಿಂಗಳಿಗೆ ಡಾಕ್ಟರ್ ಮತ್ತೆ ನೋಡಿ ಉಪ್ಪು ಕಡಿಮೆ ಮಾಡಲು, ಸಂಜೆ ನಡೆಯಲು ಹೇಳಿದರು.

ಕತ್ತಿನ ನೋವು ಇಳಿದದ್ದು ಯೋಗದಿಂದಲೇ ಅಂತಲೂ ಎದೆ ತಟ್ಟಿ ಹೇಳಲಾರೆ. ಅದೇ ಹೊತ್ತಿಗೆ ಬೆಳಿಗ್ಗೆ ಅತ್ತೆಗೆ ಸ್ನಾನ ಮಾಡಿಸಲು ಒಬ್ಬ ಹೆಂಗಸು ಸಿಕ್ಕಿದರು. ಅತ್ತೆಯನ್ನು ಎತ್ತಿ ಕೂರಿಸುವ ಕೆಲಸ ಟೀಚರ್‌ಗೆ ತಪ್ಪಿತು. ಹೆಗಲಿಗೆ ಅದರ ಪಾಲೂ ಇದೆ. ದವಡೆ ಬಿಗಿತ ಮಾತ್ರ ಪೂರ್ತಿ ಹೋಗಲಿಲ್ಲ. ರಾತ್ರಿ ಹಲ್ಲು ಕಡಿಯುವುದಕ್ಕೆ ಹಲ್ಲಿನ ಡಾಕ್ಟರು ಹಾಕಿಕೊಳ್ಳಲು ಒಂದು ಕವಚ ಮಾಡಿಕೊಟ್ಟರು.

ಇದನ್ನು ಓದಿ ಮನೆಯಲ್ಲಿ ಮಾಡಲು ಹೊರಡುವವರಿಗೆ ಒಂದೆರಡು ಮಾತು. ಕಣ್ಣಿನ ಒತ್ತಡ, ಅಂದರೆ ಗ್ಲಾಕೋಮಾ ಇದ್ದವರು ತಲೆ ಕೆಳಗಾಗುವ ಯಾವ ಆಸನವನ್ನೂ ಮಾಡಬಾರದು. ಎದೆಯುರಿ, ಹುಳಿತೇಗು ಇದ್ದವರು ಊಟವಾದ ಮೇಲೆ ಚಪ್ಪಟೆ ಮಲಗಬೇಡಿ, ಬೆನ್ನಿಗೆ ಇಳಿಜಾರಾಗಿ ದಿಂಬು ಕೊಡಿ. ಬಸುರಿಯರು ತಿಂಗಳು ತುಂಬುತ್ತಾ ಬಂದ ಮೇಲೆ ಅಂಗಾತ ಬೇಡ, ಎಡ ಮಗ್ಗುಲು ಒಳ್ಳೆಯದು. ಮೂಳೆ ಸವೆತ ಇದ್ದವರು ಬೆನ್ನು ಗೂನಾಗಿ ಮುಂದೆ ಬಾಗುವುದು ಬೇಡ. ಕಾಲು ಜುಮ್ಮೆಂದರೆ ಇಳಿಸಿ, ನಿಮಿಷ ಮುಗಿಸಲೇಬೇಕು ಅಂತೇನಿಲ್ಲ. ಏಳುವಾಗ ಮಗ್ಗುಲಾಗಿ, ಕೈ ಊರಿ ನಿಧಾನವಾಗಿ ಏಳಿ.

ಟೀಚರ್ ಅತ್ತೆಗೂ ಈಗ ಆಸೆ ಹತ್ತಿದೆ. ನನಗೂ ಕಾಲಡಿ ಒಂದು ದಿಂಬು ಇಡು ಎಂದರಂತೆ. ಸೊಂಟದ ಆಪರೇಷನ್ ಆದವರಿಗೆ ಕಾಲು ಹೇಗೆ ಇಡಬೇಕು ಅನ್ನುವುದು ನಾನು ತೀರ್ಮಾನಿಸುವ ವಿಷಯವಲ್ಲ. ಫಿಸಿಯೋಥೆರಪಿಸ್ಟನ್ನು ಕೇಳಿ ಎಂದೆ. ಅವರು ಇಂತಿಷ್ಟೇ ಎತ್ತರ ಅಂತ ತೋರಿಸಿಕೊಟ್ಟಿದ್ದಾರೆ. ಈಗ ಸಂಜೆ ಇಬ್ಬರೂ ಮಲಗುತ್ತಾರೆ, ಒಬ್ಬರು ಮಂಚದ ಮೇಲೆ, ಒಬ್ಬರು ನೆಲದ ಮೇಲೆ. ಗಡಿಯಾರ ನೋಡುವ ಕೆಲಸ ಅತ್ತೆಯದೇ. ಒಂದು ದಿನ ಇಪ್ಪತ್ತು ನಿಮಿಷ ಹೋಗಿ ಒಂದು ಗಂಟೆ ಆಗಿತ್ತಂತೆ. ಕಾವಲಿನವರೇ ನಿದ್ದೆ ಹೋಗಿದ್ದರು.

ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ವ್ಯಾಲ್ಯುಯೇಶನ್ ಶುರುವಾಯಿತು. ದಿನವಿಡೀ ಬಗ್ಗಿ ಪೇಪರ್ ತಿದ್ದುವುದು. ಮೂರು ವಾರ ಕ್ಲಾಸಿಗೆ ಬರಲಿಲ್ಲ. ಕತ್ತು ಮತ್ತೆ ಹಿಡಿದುಕೊಂಡಿದೆ, ಹತ್ತಕ್ಕೆ ಐದು ಎಂದು ಮೆಸೇಜ್ ಬಂತು. ಅದರ ಕೆಳಗೇ ಇನ್ನೊಂದು: "ಮೇಡಂ, ಅತ್ತೆ ಚೀಲದ ರಾಗಿ ಬೀಸೋಕೆ ಕಳಿಸಿಬಿಟ್ಟಿದ್ದಾರೆ. ಮುದ್ದೆ ಆಗೋಯ್ತು. ಅಕ್ಕಿ ತುಂಬಬಹುದಾ?"

ತುಂಬಿ, ಎರಡು ಕೆಜಿ ದಾಟಬಾರದು ಎಂದು ಉತ್ತರ ಹಾಕಿದೆ.